ರಾಶಿಗೆ ಮರಳಿದ ಮೊದಲ ಕೊಳಗ

ರೋಣ
೩ ಅಕ್ಟೋಬರ್ ೧೯೫೪

ಚಿ. ಶಿವಬಸವ್ವಳಿಗೆ ದೊಡ್ಡಪ್ಪ ಅಂದಾನಪ್ಪನ ಆಶೀರ್ವಾದ.

ಎಮ್ಮೆಯೊಂದನ್ನು ಬಿಟ್ಟು ಮನೆಮಂದಿಯೆಲ್ಲ ಸುಖವಾಗಿದ್ದೇವೆ. ನೀನು ಹೋದಂದಿನಿಂದ ಅದು ಹಾಲು ಕರೆಯಲು ಕೂತ ನಿನ್ನ ದೊಡ್ಡವ್ವ ಕಲ್ಲವ್ವನಿಗೆ ಕಾಲು ಝಾಡಿಸುತ್ತದೆ. ತಪ್ಪು ನಿನ್ನದೇ ಎಂದು ಆಕೆ ತೀರ್ಮಾನ ಮಾಡಿದ್ದಾಳೆ. ಎಮ್ಮೆಯದೂ ಅದೇ ಅಭಿಪ್ರಾಯ ಇದ್ದಂತಿದೆ.

ನೀನು ಪುಣೆಗೆ ಹೋದ ಸುದ್ದಿ ನಮ್ಮ ಪೇಟೆಯಲ್ಲಿ ಜೋಳದ ದರಕ್ಕಿಂತ ಬೇಗ ಹರಡಿತು. ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ನಿನ್ನೆ ದರ್ಜಿ ಲಾಡಸಾಬ ಬಂದು ಕೂತು, ನನ್ನ ಖರ್ಚಿನ ಚಹಾ ಮುಗಿಸಿ, "ಸಾಹುಕಾರ್ರ, ನಿಮ್ಮ ತಮ್ಮನ ಮಗಳು ಲೆಕ್ಕದಾಗ ಬಿ.ಎಸ್ಸಿ. ಪಾಸಾದಳು, ಖರೇ. ಆದರ ಲೆಕ್ಕ ಕಲತವರು ಸಾಲ್ಯಾಗ ಲೆಕ್ಕ ಕಲಿಸೋದು ಬಿಟ್ಟು ಮತ್ತೇನ್ ಮಾಡ್ತಾರ್ರಿ?" ಎಂದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ರೂಢಿಯೂ ನನಗಿಲ್ಲ. "ಸರ್ಕಾರದ ಗುಟ್ಟಿನ ಕೆಲಸ" ಎಂದುಬಿಟ್ಟೆ. ಈಗ ನೀನು ಪೊಲೀಸ್ ಖಾತೆಗೆ ಸೇರಿದ್ದೀ ಎಂದು ಊರೆಲ್ಲ ಮಾತು. ಆದ್ದರಿಂದ ನಿನ್ನ ಹುದ್ದೆ ಏನು, ನೇಮಕದ ಕಾಗದದಲ್ಲಿ ಬರೆದಿದ್ದ ಆ ಕಂಪ್ಯೂಟರ್ ಎಂದರೆ ಏನು, ಓದಿ ಹೇಳಲು ಬರುವಂತೆ ಬರೆ. ಪೋಸ್ಟ್ ಮಾಸ್ತರರಿಗೂ ಗೊತ್ತಿಲ್ಲ.

ನಮ್ಮ ಒಪ್ಪಂದ ಮರೆಯಬೇಡ. ಆರು ತಿಂಗಳು ಎಂದು ನೀನೇ ಹೇಳಿದ್ದು. ಮಾರ್ಚ್ ೩೧ರೊಳಗೆ ಅವರು ನಿನ್ನನ್ನು ಖಾಯಂ ಮಾಡಿದರೆ ಅಲ್ಲೇ ಇರು, ನಾನು ತುಟಿ ಬಿಚ್ಚುವುದಿಲ್ಲ. ಮಾಡದಿದ್ದರೆ ನರಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಜಾಗವಿದೆ. ಹೆಡ್‌ಮಾಸ್ತರರು ನನ್ನ ಮಾತಿಗೆ ಜೂನ್‌ವರೆಗೆ ಅದನ್ನು ಖಾಲಿ ಇಡುತ್ತಾರೆ. ನಿನ್ನ ಅಪ್ಪ ಅವ್ವ ಹೋದಾಗ ನಿನಗೆ ನಾಲ್ಕು ವರ್ಷ. ಅಂದಿನಿಂದ ನೀನು ಈ ಮನೆಯ ಮಗಳು. ನೀನು ಧಾರವಾಡದ ಕಾಲೇಜಿನಲ್ಲಿದ್ದ ದಿನಗಳನ್ನೇ ನಾನು ಹಲ್ಲು ಕಚ್ಚಿ ಕಳೆದೆ. ನರಗುಂದವಾದರೆ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ.

ಅಂದಾನಪ್ಪ


ಪುಣೆ
೧೪ ಅಕ್ಟೋಬರ್ ೧೯೫೪

ತೀರ್ಥರೂಪ ದೊಡ್ಡಪ್ಪನವರಿಗೆ ಬಸವ್ವಳ ನಮಸ್ಕಾರ.

ಎಮ್ಮೆಯ ಎಡಗಡೆ ಕೂಡಬೇಕು, ಕರೆಯುವ ಮುಂಚೆ ಅದರ ಜೊತೆ ಎರಡು ಮಾತಾಡಬೇಕು ಎಂದು ದೊಡ್ಡವ್ವನಿಗೆ ಹೇಳಿ. ಬೈದರೂ ನಡೆಯುತ್ತದೆ. ಸುಮ್ಮನೆ ಕೂತರೆ ಅದಕ್ಕೆ ಸಿಟ್ಟು.

ಪೊಲೀಸ್ ಖಾತೆಯ ಸುದ್ದಿಯನ್ನು ದಯವಿಟ್ಟು ನಿಲ್ಲಿಸಿ. ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಮನುಷ್ಯ, ಅಷ್ಟೇ. ಸರ್ಕಾರದ ಅಂಕಿಸಂಖ್ಯೆ ಕಚೇರಿಯ ಒಂದು ಉದ್ದನೆಯ ಕೋಣೆಯಲ್ಲಿ ನಾವು ಇಪ್ಪತ್ತೆರಡು ಕಂಪ್ಯೂಟರುಗಳು ಕೂಡುತ್ತೇವೆ, ಅದರಲ್ಲಿ ಹೆಂಗಸರು ಐವರು. ಒಬ್ಬೊಬ್ಬರ ಮುಂದೂ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ. ಹಿಡಿಕೆ ಮುಂದಕ್ಕೆ ತಿರುವಿದರೆ ಗುಣಾಕಾರ, ಹಿಂದಕ್ಕೆ ತಿರುವಿದರೆ ಭಾಗಾಕಾರ. ಎಲ್ಲ ಒಮ್ಮೆಗೇ ತಿರುಗತೊಡಗಿದರೆ ಸಾಹೇಬರು ಎದ್ದು ಬಾಗಿಲು ಮುಚ್ಚಿಕೊಳ್ಳುತ್ತಾರೆ.

ಲಾಡಸಾಬ ಕಾಕಾನ ಪ್ರಶ್ನೆ ಸರಿಯಾದದ್ದೇ. ಲೆಕ್ಕ ಕಲಿತವರಿಗೆ ಮಾಸ್ತರಿಕೆ ಒಂದೇ ಎಂದು ಧಾರವಾಡದಲ್ಲಿ ನಾವೂ ನಂಬಿದ್ದೆವು. ಇಲ್ಲಿಗೆ ಬಂದು ಕಣ್ಣು ತೆರೆಯಿತು. ಹವಾಮಾನದ ಕಚೇರಿಯಲ್ಲಿ ಮಳೆ ಗಾಳಿಯ ಅಂಕಿಗಳನ್ನು ಲೆಕ್ಕ ಹಾಕಲು ಜನ ಬೇಕು. ವಿಮಾ ಕಂಪನಿಯವರಿಗೆ ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಿಯಾರು ಎಂದು ಅಂದಾಜು ಮಾಡುವವರು ಬೇಕು. ಅದಕ್ಕೆಂದು ಬೇರೆ ಪರೀಕ್ಷೆಯೇ ಇದೆ, ಭಾಳ ಕಠಿಣವಂತೆ. ರೈಲ್ವೆಗೆ ಬೇಕು, ಜನಗಣತಿಗೆ ಬೇಕು, ಅಣೆಕಟ್ಟು ಕಟ್ಟುವವರಿಗೂ ಬೇಕು. ವಿದ್ಯುತ್ತಿನಿಂದ ತಾನೇ ಲೆಕ್ಕ ಮಾಡುವ ಯಂತ್ರವೊಂದು ಕಲಕತ್ತೆಗೆ ಬರುತ್ತದಂತೆ. ಅದು ಮೊದಲು ಏನು ಮಾಡಬೇಕು, ಆಮೇಲೆ ಏನು ಎಂದು ಒಂದೊಂದೇ ಹೆಜ್ಜೆ ಬರೆದುಕೊಡುವವರಿಗೂ ಮುಂದೆ ಕೆಲಸವಿದೆ ಎಂದು ನನ್ನ ಪಕ್ಕದಲ್ಲಿ ಕೂಡುವ ನಾಗಪುರದ ಹುಡುಗಿ ಹೇಳುತ್ತಾಳೆ. ಆಕೆಗೆ ಅಲ್ಲಿಗೇ ಹೋಗುವ ಆಸೆ. ನನಗೂ ಇದೆ ಎಂದುಕೊಂಡು ಗಾಬರಿಯಾಗಬೇಡಿ.

ನನ್ನ ಪಾಲಿಗೆ ಬಂದಿರುವುದು ಏನು ಗೊತ್ತೇ? ನಮ್ಮ ಧಾರವಾಡ ಜಿಲ್ಲೆಯ ಜೋಳ! ಕಳೆದ ಸುಗ್ಗಿಯಲ್ಲಿ ಸರ್ಕಾರದವರು ಹಳ್ಳಿಗೆ ಹತ್ತು ಹೊಲದಂತೆ ಆರಿಸಿ, ಎಷ್ಟು ಬೆಳೆಯಿತೆಂದು ಬರೆಸಿ ತಂದಿದ್ದಾರೆ. ಚೀಟಿಗಳೆಲ್ಲ ಕನ್ನಡದಲ್ಲಿವೆ. ಇಡೀ ಕಚೇರಿಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಯಾವಗಲ್, ಅಸೂಟಿ, ಹೊಳೆಆಲೂರು ಎಂದು ಓದುವಾಗ ನನ್ನಷ್ಟಕ್ಕೆ ನಗು ಬರುತ್ತದೆ.

ನಾನಿರುವುದು ಬೆಳಗಾವಿ ಕಡೆಯ ಸುಶೀಲವ್ವ ಎಂಬವರ ಮನೆಯಲ್ಲಿ. ರೊಟ್ಟಿ ಸಿಗುತ್ತದೆ. ಚಿಂತೆ ಬೇಡ.

ಬಸವ್ವ


ರೋಣ
೨ ಡಿಸೆಂಬರ್ ೧೯೫೪

ಚಿ. ಬಸವ್ವಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಅಂಗಡಿಯಲ್ಲಿ ಮೂರು ಸಲ ಓದಿ ಹೇಳಿದೆ. ವಿಮೆಯವರ ಭಾಗ ಬಂದಾಗ ಲಾಡಸಾಬ, "ನಾ ಇನ್ನೆಷ್ಟು ವರ್ಷ ಇರತೀನಿ ಅಂತ ಕೇಳಿ ಬರೀರಿ" ಎಂದ. ಕೇಳುವುದು ಬೇಡ, ಹೊಲಿಯಲು ಕೊಟ್ಟ ನನ್ನ ಅಂಗಿ ಬರುವವರೆಗೆ ಇದ್ದರೆ ಸಾಕು ಎಂದೆ.

ಎಡಗಡೆ ಕೂತು ಬೈದರೆ ಎಮ್ಮೆ ಹಾಲು ಕೊಡುತ್ತದೆ. ಕಲ್ಲವ್ವನಿಗೆ ಇದು ಅನುಕೂಲವೇ ಆಗಿದೆ.

ನರಗುಂದದ ಹೆಡ್‌ಮಾಸ್ತರರು ಬಂದಿದ್ದರು. ಅರ್ಜಿಯ ಕಾಗದ ಕೊಟ್ಟು ಹೋದರು. ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಸುಮ್ಮನೆ ತಿಳಿಸಿದೆ.

ಅಂದಾನಪ್ಪ


ಪುಣೆ
೯ ಜನವರಿ ೧೯೫೫

ತೀರ್ಥರೂಪ ದೊಡ್ಡಪ್ಪನವರಿಗೆ ನಮಸ್ಕಾರ.

ನಾನು ಆರಾಮವಾಗಿದ್ದೇನೆ. ಕೆಲಸವೂ ಚೆನ್ನಾಗಿ ನಡೆದಿದೆ. ಒಂದು ಸಣ್ಣ ಸಂಗತಿ ಕೇಳಬೇಕಾಗಿತ್ತು.

ಪ್ರತಿ ಹೊಲದ ರಾಶಿಗೆ ಚೀಟಿಯಲ್ಲಿ ಎರಡು ಅಂಕಿಗಳಿವೆ. ಕಣದಲ್ಲಿ ಅಳೆದವನು ಎಷ್ಟು ಕೊಳಗ ಎಂದು ಕೂಗಿದ್ದು ಒಂದು. ಅದೇ ಜೋಳವನ್ನು ತಕ್ಕಡಿಯಲ್ಲಿ ತೂಗಿದ್ದು ಇನ್ನೊಂದು. ಒಂದು ಕೊಳಗ ಜೋಳದ ತೂಕ ಗೊತ್ತಿರುವುದರಿಂದ ಎರಡೂ ತಾಳೆಯಾಗಬೇಕು. ಬೇರೆ ತಾಲೂಕುಗಳಲ್ಲಿ ಆಗುತ್ತದೆ. ರೋಣದ ಕಡೆಯ ಹಳ್ಳಿಗಳಲ್ಲಿ ಮಾತ್ರ, ನಾಲ್ಕು ರಾಶಿ ಬಿಟ್ಟರೆ, ತೂಕ ಯಾವಾಗಲೂ ಒಂದು ಕೊಳಗ ಕಡಿಮೆ. ನಲವತ್ತು ಎಂದು ಕೂಗಿದ್ದರೆ ಮೂವತ್ತೊಂಬತ್ತರ ತೂಕ. ಹನ್ನೆರಡು ಎಂದಿದ್ದರೆ ಹನ್ನೊಂದರದು.

ಆ ಒಂದು ಕೊಳಗ ಎಲ್ಲಿ ಹೋಗುತ್ತದೆ ದೊಡ್ಡಪ್ಪ? ಕಣದಲ್ಲಿ ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ಕೊಳ್ಳಲು ಬಂದ ವ್ಯಾಪಾರಿಗಳಿಗೆ ಸಲ್ಲುವ ಪದ್ಧತಿ ಏನಾದರೂ ಉಂಟೇ? ನೀವು ಕಂಡವರು, ಅದಕ್ಕೇ ಕೇಳಿದೆ.

ಬಸವ್ವ


ರೋಣ
೧೭ ಜನವರಿ ೧೯೫೫

ಕುಮಾರಿ ಶಿವಬಸವ್ವನವರಿಗೆ,

ಸರ್ಕಾರಿ ಪತ್ರ ತಲುಪಿತು.

ನಾನು ಮೂವತ್ತೊಂದು ವರ್ಷದಿಂದ ಈ ಪೇಟೆಯಲ್ಲಿ ಕೂತಿದ್ದೇನೆ. ಒಂದು ಕಾಳು ಹೆಚ್ಚು ಹಾಕಿಸಿಕೊಂಡವನಲ್ಲ, ಒಂದು ಕಾಳು ಕಡಿಮೆ ಕೊಟ್ಟವನಲ್ಲ. ರೈತರು ನನ್ನ ಮುಂದೆ ಕಣ್ಣು ಮುಚ್ಚಿ ಚೀಲ ಇಳಿಸುತ್ತಾರೆ. ಈಗ ನನ್ನ ಕೈತುತ್ತು ಉಂಡ ಹುಡುಗಿ, ರಾಶಿಗೊಂದು ಕೊಳಗ ಎಲ್ಲಿ ಹೋಯಿತೆಂದು ಪುಣೆಯಿಂದ ವಿಚಾರಣೆ ಮಾಡುತ್ತಾಳೆ. ಗುಟ್ಟಿನ ಕೆಲಸ ಎಂದು ನಾನು ತಮಾಷೆಗೆ ಹೇಳಿದ್ದೆ. ಪೊಲೀಸ್ ಖಾತೆ ಎಂದ ಪೇಟೆಯವರೇ ಸರಿ ಎಂದಂತಾಯಿತು.

ನಿಮ್ಮ ಸಾಹೇಬರಿಗೆ ತಿಳಿಸು: ರೋಣದ ವ್ಯಾಪಾರಿ ಅಂದಾನಪ್ಪ ಕಣದಿಂದ ಏನನ್ನೂ ಹೊತ್ತುಕೊಂಡು ಹೋಗಿಲ್ಲ. ಬೇಕಾದರೆ ಬಂದು ಮನೆಯ ಹಗೇವು ತೆಗೆಸಿ ನೋಡಲಿ. ಕಾಳು ತುಂಬಿದ ನೆಲದ ಕುಣಿಯೊಳಗೆ ಸಾಹೇಬರೇ ಇಳಿಯಲಿ, ಮೇಲಕ್ಕೆ ಎತ್ತುವ ಹೊಣೆ ಮಾತ್ರ ನನ್ನದಲ್ಲ.

ಅಂದಾನಪ್ಪ


ಪುಣೆ
೨೫ ಜನವರಿ ೧೯೫೫

ದೊಡ್ಡಪ್ಪಾ,

ತಪ್ಪಾಯಿತು. ನಿಮ್ಮ ಮೇಲೆ ಸಂಶಯಪಟ್ಟು ಬರೆದದ್ದಲ್ಲ. ಕದಿಯುವವನಾದರೆ ದೊಡ್ಡ ರಾಶಿಯಲ್ಲಿ ಹೆಚ್ಚು, ಸಣ್ಣ ರಾಶಿಯಲ್ಲಿ ಕಡಿಮೆ ಕದಿಯುತ್ತಾನೆ. ಎಲ್ಲದರಲ್ಲೂ ಲೆಕ್ಕ ಹಿಡಿದು ಒಂದೇ ಕದಿಯುವ ಶಿಸ್ತಿನ ಕಳ್ಳ ನಮ್ಮ ತಾಲೂಕಿನಲ್ಲಿ ಇರಲಾರ. ಕಳ್ಳತನವಲ್ಲದ ಬೇರೆ ಕಾರಣವಿರಬೇಕು ಎಂದೇ ಕೇಳಿದ್ದೆ. ಕೇಳಿದ ರೀತಿ ಕೆಟ್ಟದ್ದಾಯಿತು.

ಹೋಗಲಿ ಬಿಡಿ. ಅಷ್ಟು ಮುಖ್ಯವಾದ ವಿಷಯವೇನಲ್ಲ.

ಬಸವ್ವ


ಪುಣೆ
೧೪ ಫೆಬ್ರುವರಿ ೧೯೫೫

ದೊಡ್ಡಪ್ಪಾ,

ಇಪ್ಪತ್ತು ದಿನವಾಯಿತು, ನಿಮ್ಮ ಪತ್ರವಿಲ್ಲ. ಮುಖ್ಯವಲ್ಲ ಎಂದು ಬರೆದದ್ದು ಸುಳ್ಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಡಿಸೆಂಬರಿನಲ್ಲಿ ಸಾಹೇಬರು ನನ್ನ ಹಾಳೆಗಳನ್ನು ತಡೆಹಿಡಿದರು. ನಮ್ಮಲ್ಲಿ ಪ್ರತಿ ಲೆಕ್ಕವನ್ನೂ ಇಬ್ಬರು ಬೇರೆ ಬೇರೆ ಮಾಡಿ ತಾಳೆ ನೋಡುತ್ತಾರೆ. ನನ್ನ ಚೀಟಿ ಕನ್ನಡದಲ್ಲಿರುವುದರಿಂದ ಎರಡನೆಯವರಿಲ್ಲ. ಹೊಳೆಆಲೂರಿನ ನಾಲ್ಕು ರಾಶಿಗಳು ಸರಿ ಬಂದವು, ರೋಣದ ಉಳಿದವೆಲ್ಲ ಒಂದು ಕೊಳಗ ತಪ್ಪು. "ನಾಲ್ಕು ಸರಿ ಇದ್ದರೆ ಉಳಿದವುಗಳಲ್ಲಿ ಕೈತಪ್ಪು ನಿಮ್ಮದೇ" ಎಂದರು. ಎಲ್ಲ ಮತ್ತೆ ಓದಿದೆ, ಮತ್ತೆ ಹಿಡಿಕೆ ತಿರುವಿದೆ. ಅದೇ ಉತ್ತರ. ಆಗ ಅವರು, "ನೀವು ಅದೇ ತಾಲೂಕಿನವರಲ್ಲವೇ? ಮನೆಯಲ್ಲಿ ಧಾನ್ಯದ ವ್ಯಾಪಾರವಲ್ಲವೇ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಕೋಣೆಯಲ್ಲಿ ಎಲ್ಲ ಯಂತ್ರಗಳೂ ನಿಂತವು.

ಮಾರ್ಚ್ ೩೧ರೊಳಗೆ ಕಾರಣ ತೋರಿಸಬೇಕು. ಇಲ್ಲದಿದ್ದರೆ ನನ್ನನ್ನು ಖಾಯಂ ಮಾಡುವ ಆಜ್ಞೆಗೆ ಅವರು ಸಹಿ ಹಾಕುವುದಿಲ್ಲ. ಕೆಲಸ ಹೋಗುವುದಷ್ಟೇ ಆದರೆ ತಡೆದೇನು. ಸುಳ್ಳು ಬರೆದವಳು ಎನಿಸಿಕೊಂಡು ಹೋಗುವುದು ನನ್ನಿಂದಾಗದು.

ನಾನು ಕಣವನ್ನೇ ಕಂಡವಳಲ್ಲ. ರಾಶಿ ಅಳೆಯುವಾಗ ಹೆಂಗಸರು ಹತ್ತಿರ ಸುಳಿಯಬಾರದು ಎಂದು ನೀವೇ ಬಂಡಿಯಿಂದ ಇಳಿಯಗೊಡುತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತಾರೆಂದು ನೋಡಿ ಹೇಳಲು ನನಗೆ ನೀವಲ್ಲದೆ ಯಾರಿದ್ದಾರೆ?

ಬಸವ್ವ


ರೋಣ
೨೨ ಫೆಬ್ರುವರಿ ೧೯೫೫

ಮಗಳೇ,

ನಿನ್ನ ಪತ್ರ ಓದಿ ಕಲ್ಲವ್ವ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ನಾನು ಜನವರಿಯಲ್ಲಿ ಏನು ಬರೆದಿದ್ದೆ ಎಂದು ಆಕೆಗೆ ಈಗ ಗೊತ್ತಾಯಿತು. ಮೂರನೆಯ ದಿನ ಮಾತಾಡಿದಳು, ಅದು ಇನ್ನೂ ಕಷ್ಟವಾಯಿತು.

ಡಿಸೆಂಬರಿನಿಂದ ಇದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದೆಯಾ? ನಾನು ಸಿಟ್ಟಿನವನು, ನಿಜ. ಆದರೆ ನಿನ್ನ ಸಾಹೇಬನ ಮುಂದೆ ನಿನ್ನನ್ನು ಬಿಟ್ಟುಕೊಡುವಷ್ಟು ಕೆಟ್ಟವನೇ?

ನನಗೆ ತಿಳಿದಂತೆ ಕಣದಲ್ಲಿ ಯಾರೂ ಏನೂ ತೆಗೆಯುವುದಿಲ್ಲ. ಸಾವಿರ ರಾಶಿ ಅಳೆದದ್ದನ್ನು ನೋಡಿದ್ದೇನೆ. ಅಳೆಯುತ್ತಾರೆ, ತುಂಬುತ್ತಾರೆ, ಮುಗಿಯಿತು. ಆದರೂ ಇನ್ನೊಮ್ಮೆ ನೋಡುತ್ತೇನೆ. ಅಸೂಟಿಯ ಗ್ಯಾನಪ್ಪನ ರಾಶಿ ಇನ್ನೂ ಆಗಿಲ್ಲ. ಅವನು ಸುತ್ತಲಿನ ಹಳ್ಳಿಗೆಲ್ಲ ಅಳೆಯುವವನು. ಕಣ್ಣು ಮುಚ್ಚದೆ ನೋಡಿ ಬರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ದೊಡ್ಡಪ್ಪ


ಪುಣೆ
೧೬ ಮಾರ್ಚ್ ೧೯೫೫

ದೊಡ್ಡಪ್ಪಾ,

ಅಸೂಟಿಯ ರಾಶಿ ಆಗಲಿಲ್ಲವೇ? ದಿನವೂ ಅಂಚೆಯವನ ದಾರಿ ನೋಡಿ ಸುಶೀಲವ್ವನವರಿಗೂ ಸಾಕಾಗಿದೆ. ಅವರು ಅವನನ್ನು ಈಗ ಬೀದಿಯ ತುದಿಯಲ್ಲೇ ತಡೆದು ಕೇಳುತ್ತಾರೆ.

ಇನ್ನು ಹದಿನೈದು ದಿನ. ಗ್ಯಾನಪ್ಪನ ಕಣದಲ್ಲೂ ಏನೂ ಸಿಗಲಿಲ್ಲವೆಂದರೆ ಸಂಕೋಚವಿಲ್ಲದೆ ತಿಳಿಸಿಬಿಡಿ. ರಾಜೀನಾಮೆ ಬರೆದಿಟ್ಟಿದ್ದೇನೆ. ನರಗುಂದದವರಿಗೆ ಬರುತ್ತಾಳೆ ಎಂದು ಹೇಳಿ. ಮಕ್ಕಳಿಗೆ ಲೆಕ್ಕ ಕಲಿಸುವುದು ಕೀಳು ಕೆಲಸವೇನಲ್ಲ. ಬೇರೆ ರೀತಿಯಲ್ಲಿ ಅಲ್ಲಿಗೆ ಹೋಗಿದ್ದರೆ ಸಂತೋಷದಿಂದಲೇ ಕಲಿಸುತ್ತಿದ್ದೆನೇನೋ.

ಬಸವ್ವ


ರೋಣ
೨೧ ಮಾರ್ಚ್ ೧೯೫೫

ಮಗಳೇ,

ಇಂದು ಮುಂಜಾನೆ ಕಳಿಸಿದ ತಾರು ಮುಟ್ಟಿರಬೇಕು. ಇಂಗ್ಲಿಷು ಪೋಸ್ಟ್ ಮಾಸ್ತರರದು, ವಿಷಯ ನನ್ನದು. ಅರ್ಥವಾಗದಿದ್ದರೆ ಇಲ್ಲಿ ಸರಿಯಾಗಿ ಓದಿಕೋ.

ಅಸೂಟಿಗೆ ಮೊನ್ನೆ ಹೋಗಿದ್ದೆ. ಕಾಮಣ್ಣನನ್ನು ಸುಡಲು ಹುಡುಗರು ಸಿಕ್ಕ ಕಟ್ಟಿಗೆಯನ್ನೆಲ್ಲ ಎತ್ತಿಕೊಂಡು ಹೋಗುತ್ತಾರೆಂದು ಬಂಡಿ ಹೊಡೆಯುವ ಇಮಾಮಸಾಬನನ್ನು ನೊಗಕ್ಕೆ ಕಾವಲು ಕೂಡಿಸಿ ಕಣಕ್ಕೆ ನಡೆದೆ. ಕಿಸೆಯಲ್ಲಿ ಹುಣಸೆಬೀಜ ಹಾಕಿಕೊಂಡಿದ್ದೆ. ಚೀಲಕ್ಕೆ ಒಂದು ಕೊಳಗ ಬಿದ್ದರೆ ಒಂದು ಬೀಜ ಎಡಗಿಸೆಯಿಂದ ಬಲಗಿಸೆಗೆ. ಬಾಯಿಂದ ಎಣಿಸುವ ಹಾಗಿಲ್ಲ. ಅಳೆಯುವಾಗ ಎಣಿಸುವುದು ಅಳೆಯುವವನೊಬ್ಬನೇ.

ಗ್ಯಾನಪ್ಪ ಚಪ್ಪಲಿ ಬಿಟ್ಟು, ರಾಶಿಗೆ ಕೈಮುಗಿದು ಕೂತ. ಕೊಳಗ ತುಂಬಿ "ಒಂದು" ಎಂದು ಕೂಗಿ, ಹಣೆಗೆ ಮುಟ್ಟಿಸಿ, ರಾಶಿಯ ನೆತ್ತಿಯ ಮೇಲೇ ತಿರುಗಿ ಸುರಿದ. ಮತ್ತೆ ತುಂಬಿ "ಎರಡು" ಎಂದ. ಅದು ಚೀಲಕ್ಕೆ ಹೋಯಿತು. ಮೂವತ್ತಾರಕ್ಕೆ ರಾಶಿ ಮುಗಿಯಿತು. ನನ್ನ ಬಲಗಿಸೆಯಲ್ಲಿ ಮೂವತ್ತೈದು ಬೀಜ.

"ಏ ಗ್ಯಾನಪ್ಪ, ಮೊದಲನೇದು ಚೀಲಕ್ಕ ಹಾಕಲಿಲ್ಲಲ್ಲೋ?" ಎಂದೆ.

"ಯಾವುದ್ರಿ ಸಾಹುಕಾರ್ರ?"

"ಒಂದು ಅಂದೆಲ್ಲಾ, ಅದು."

"ಅದು ರಾಶಿದ್ರಿ. ತುಂಬಿದ ಕೈಲೆ ಮೊದಲ ಅದಕ್ಕ ಕೊಡಬೇಕಲ್ರಿ. ಬರೇ ತಗೊಂಡರ ಹುಲುಸು ಹ್ಯಾಂಗ ಉಳೀತೈತಿ?"

"ಕೊಡು, ಬ್ಯಾಡ ಅನ್ನಂಗಿಲ್ಲ. ಆದರ ಎಣಿಸಿದೆಲ್ಲಾ?"

ಅವನು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. "ಎಣಿಸಬೇಕಲ್ರಿ! ಕೊಟ್ಟದ್ದು ಲೆಕ್ಕಕ್ಕ ಇಲ್ಲ ಅಂದರ ರಾಶಿಗೆ ಬ್ಯಾಸರ ಆಗೂದಿಲ್ಲೇನ್ರಿ?"

ತಿಳಿಯಿತೇ? ಆ ಒಂದು ಕೊಳಗದ ಕಾಳು ರಾಶಿಗೆ ಮರಳಿ, ಮತ್ತೆ ಅಳತೆಗೆ ಬಂದು, ಎರಡು ಸಲ ಎಣಿಕೆಯಾಗುತ್ತದೆ. ಜೋಳ ಎಲ್ಲಿಯೂ ಹೋಗಿಲ್ಲ. ಹೆಚ್ಚಾದದ್ದು ಕೂಗು. ಕೊಟ್ಟು ಕೊಳ್ಳುವುದೆಲ್ಲ ತೂಕದ ಮೇಲೆ ನಡೆಯುವುದರಿಂದ ಇದರಿಂದ ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರ ಗಮನಕ್ಕೂ ಬಂದಿಲ್ಲ. ನನ್ನ ಗಮನಕ್ಕೂ ಬಂದಿರಲಿಲ್ಲ. ಸಾವಿರ ಸಲ ನೋಡಿದ್ದೆ. ಅದು ಪೂಜೆ, ಇದು ಅಳತೆ ಎಂದು ಕಣ್ಣು ತಾನೇ ಬೇರೆ ಮಾಡಿಬಿಟ್ಟಿತ್ತು.

ನಿನ್ನ ಸಾಹೇಬರಿಗೆ ಇದನ್ನೆಲ್ಲ ಹೇಳು. ಬೇಕಾದರೆ ಗ್ಯಾನಪ್ಪನ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತೇನೆ.

ದೊಡ್ಡಪ್ಪ


ಪುಣೆ
೩೧ ಮಾರ್ಚ್ ೧೯೫೫

ದೊಡ್ಡಪ್ಪಾ, ದೊಡ್ಡವ್ವಾ,

ನಾನು ಖಾಯಂ ಆದೆ!

ತಾರು ಹಿಡಿದು ಓದಿದಾಗ ಸುಶೀಲವ್ವನವರು ಯಾರೋ ಸತ್ತರೆಂದು ಅಳಲು ಶುರು ಮಾಡಿದ್ದರು. ನಾನು ನಗುತ್ತಿರುವುದನ್ನು ಕಂಡು ಇನ್ನಷ್ಟು ಹೆದರಿದರು. ಪತ್ರ ಬಂದ ದಿನ ಅದನ್ನು ಇಂಗ್ಲಿಷಿಗೆ ತಿರುಗಿಸಿ ಸಾಹೇಬರ ಮುಂದೆ ಇಟ್ಟೆ. ಗ್ಯಾನಪ್ಪನ ಮಾತನ್ನು ಎರಡು ಸಲ ಓದಿದರು. ಆಮೇಲೆ, "ಹಾಗಾದರೆ ಹೊಳೆಆಲೂರಿನ ನಾಲ್ಕು ರಾಶಿಗಳು ಏಕೆ ಸರಿ ಇವೆ?" ಎಂದರು. ಮೂಲ ಚೀಟಿ ತೆಗೆಸಿ, ಅಂಕಿಗಳ ಗಡಿಬಿಡಿಯಲ್ಲಿ ನಾನು ಓದದೆ ಬಿಟ್ಟಿದ್ದ ಅಳತೆಯ ಜಾಗದ ಸಾಲನ್ನು ನೋಡಿದೆವು. ಆ ನಾಲ್ಕನ್ನು ಕಣದಲ್ಲಿ ಅಳೆದೇ ಇರಲಿಲ್ಲ! ಸ್ಟೇಷನ್ನಿನ ಹತ್ತಿರದ ಅಂಗಡಿಗೆ ತಂದು ಅಳೆದಿದ್ದರು. ಅಂಗಡಿಯಲ್ಲಿ ರಾಶಿಯೂ ಇಲ್ಲ, ಹುಲುಸೂ ಇಲ್ಲ. ನನ್ನನ್ನು ಸಿಕ್ಕಿಸಿದ ನಾಲ್ಕು ಚೀಟಿಗಳೇ ನನ್ನನ್ನು ಬಿಡಿಸಿದವು.

ಸಾಹೇಬರು ಎದ್ದು ನಿಂತು ಎಲ್ಲರ ಮುಂದೆ ತಪ್ಪಾಯಿತು ಎಂದರು. ಹಾಗೆ ಹೇಳುವವರು ಕಡಿಮೆ. ಮುಂದಿನ ಸುಗ್ಗಿಯಿಂದ ನಮ್ಮ ಕಡೆಯ ಹಳ್ಳಿಗಳಿಗೆ ಹೋಗಿ ಹೇಗೆ ಅಳೆಯುತ್ತಾರೆಂದು ನೋಡಿ ಬರುವ ಕೆಲಸವನ್ನೂ ನನಗೇ ವಹಿಸಿದ್ದಾರೆ. ಹೆಂಗಸರು ಕಣಕ್ಕೆ ಬರಬಾರದು ಎಂದು ನೀವು ತಡೆದರೆ ಸರ್ಕಾರಿ ಆಜ್ಞೆ ತೋರಿಸುತ್ತೇನೆ.

ನಾಲ್ಕು ತಿಂಗಳಿಂದ ಹೆಗಲ ಮೇಲಿದ್ದ ಚೀಲ ಇಳಿಸಿದ ಹಾಗಿದೆ. ಇಂದು ಸಂಜೆ ಬೇರೇನೂ ಮಾಡದೆ ಸುಮ್ಮನೆ ನಡೆದಾಡಿ ಬಂದೆ.

ಬಸವ್ವ


ರೋಣ
೯ ಏಪ್ರಿಲ್ ೧೯೫೫

ಮಗಳೇ,

ನಿನ್ನ ಪತ್ರ ಬಂದ ದಿನ ಕಲ್ಲವ್ವ ಹೋಳಿಗೆ ಮಾಡಿದಳು. ಲಾಡಸಾಬ ನಾಲ್ಕು ತಿಂದ. ಎಲ್ಲರೂ ನನ್ನನ್ನು ಹೊಗಳಿದರು, ಸಾಹುಕಾರ್ರು ಹೋಗಿ ನೋಡಿದ್ದಕ್ಕೇ ಹುಡುಗಿಯ ಮಾನ ಉಳಿಯಿತು ಎಂದರು. ನನಗೆ ಹೋಳಿಗೆ ಇಳಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿ ಹರಿದು ಹಾಕು.

ಅಸೂಟಿಗೆ ನಾನು ಹೋದದ್ದು ಮೊನ್ನೆ ಅಲ್ಲ, ಹೋಳಿಹುಣ್ಣಿಮೆಯ ದಿನ, ಮಾರ್ಚ್ ಎಂಟಕ್ಕೆ. ತಾರು ಕೊಟ್ಟದ್ದು ಇಪ್ಪತ್ತೊಂದಕ್ಕೆ. ಹದಿಮೂರು ದಿನ ನಿನ್ನ ಉತ್ತರವನ್ನು ಹುಣಸೆಬೀಜಗಳ ಜೊತೆ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದೆ.

ನಿನಗೆ ಕೆಟ್ಟದ್ದಾಗಲಿ ಎಂದಲ್ಲ. ದಿನವೂ ನಾಳೆ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಹಾಗೆಯೇ ಮಾರ್ಚ್ ಮುಗಿದುಹೋದರೆ ನೀನು ನರಗುಂದಕ್ಕೆ ಬರುತ್ತೀ, ಶನಿವಾರ ಶನಿವಾರ ಮನೆಗೆ ಬರುತ್ತೀ. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಹೆಡ್‌ಮಾಸ್ತರರ ಅರ್ಜಿಯ ಮೇಲೆ ನಿನ್ನ ಹೆಸರನ್ನೂ ಬರೆದಿದ್ದೆ. ಕಲ್ಲವ್ವ ಕೇಳಿದಾಗ ಗ್ಯಾನಪ್ಪನ ರಾಶಿ ತಡವಾಯಿತು ಎಂದು ಹೇಳಿದೆ. ನಲವತ್ತು ವರ್ಷದಲ್ಲಿ ಆಕೆಗೆ ಹೇಳಿದ ಮೊದಲ ಸುಳ್ಳು ಎನ್ನಲಾರೆ, ದೊಡ್ಡ ಸುಳ್ಳು ಮಾತ್ರ ಇದೇ.

ಇಪ್ಪತ್ತೊಂದರಂದು ಮುಂಜಾನೆ ಗಜೇಂದ್ರಗಡದ ನೇಕಾರ ಮುದಿಯಪ್ಪ ಸೀರೆಯ ಗಂಟು ಹೊತ್ತು ಬಂದ. ಗಂಟು ಬಿಚ್ಚಲಿಲ್ಲ. ಕೂತವನು, "ಸಾಹುಕಾರ್ರ, ನನ್ನ ಮಗಳು ಶೇಖವ್ವ ಲೆಕ್ಕದಾಗ ಭಾಳ ಚುರುಕು. ಮ್ಯಾಟ್ರಿಕ್ ಮುಗಸ್ತಾಳ. ಮಗ್ಗದ ಮುಂದ ಕೂಡಸ್ಲೋ, ಕಾಲೇಜಿಗೆ ಕಳಸ್ಲೋ ಅಂತ ತಿಳೀವಲ್ದು. ಬಿ.ಎಸ್ಸಿ. ಆದಮ್ಯಾಗ ಏನ್ ಕೆಲಸ ಸಿಗ್ತಾವ್ರಿ? ನಿಮಗ ಗೊತ್ತೈತಿ ಅಂತ ಲಾಡಸಾಬ ಹೇಳಿದ" ಎಂದ.

ನನಗೆ ಹುರುಪು ಬಂತು. ನಿನ್ನ ಅಕ್ಟೋಬರಿನ ಪತ್ರ ಬಾಯಿಪಾಠ ಆಗಿದೆ. ಹವಾಮಾನ, ವಿಮೆ, ರೈಲ್ವೆ, ಜನಗಣತಿ, ಅಣೆಕಟ್ಟು, ಕಲಕತ್ತೆಯ ಯಂತ್ರ, ಎಲ್ಲ ಹೇಳಿದೆ. ಮಾಸ್ತರಿಕೆಯನ್ನು ಕೊನೆಗೆ ಹೇಳಿದೆ. ಮುದಿಯಪ್ಪ ಬಾಯಿ ತೆರೆದು ಕೇಳಿದ. ಆಮೇಲೆ ಮೆಲ್ಲಗೆ, "ಹೆಣ್ಣುಹುಡುಗಿನ್ನ ಅಷ್ಟು ದೂರ ಬಿಟ್ಟು ನಿಮಗ ಹ್ಯಾಂಗ ಇರಾಕ ಆತ್ರಿ?" ಎಂದು ಕೇಳಿದ.

"ಆಗಂಗಿಲ್ಲೋ ಮುದಿಯಪ್ಪ, ಆಗಂಗಿಲ್ಲ. ಆದರೂ ಬಿಡಬೇಕು" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಅವನ ಮಗಳಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯ. ಅವನನ್ನು ಅಲ್ಲೇ ಕೂಡಿಸಿ, ಚಪ್ಪಲಿಯನ್ನೂ ಮೆಟ್ಟದೆ ಪೋಸ್ಟಿಗೆ ಹೋದೆ. ಅಂದೇ ಅರ್ಜಿಯನ್ನು ಹರಿದೆ.

ಇಷ್ಟೇ. ಸಿಟ್ಟಾದರೆ ನ್ಯಾಯವಾಗಿಯೇ ಆಗುತ್ತೀ. ಸರ್ಕಾರಿ ಪತ್ರ ಎಂದು ನಾನು ಬರೆದ ಹಾಗೆ ನೀನೂ ಬರೆಯಬಹುದು.

ದೊಡ್ಡಪ್ಪ


ಪುಣೆ
೧೮ ಏಪ್ರಿಲ್ ೧೯೫೫

ದೊಡ್ಡಪ್ಪಾ,

ಗೊತ್ತಿತ್ತು.

ಕಾಮಣ್ಣನ ಕಟ್ಟಿಗೆ ಕದಿಯುವ ಹುಡುಗರಿಂದ ನೊಗ ಕಾಯಲು ಇಮಾಮಸಾಬನನ್ನು ಕೂಡಿಸಿದೆ ಎಂದು ನೀವೇ ಬರೆದಿದ್ದಿರಿ. ಮಾರ್ಚ್ ಇಪ್ಪತ್ತರ ಸುಮಾರಿಗೆ ಯಾವ ಊರಿನಲ್ಲಿ ಕಾಮಣ್ಣನನ್ನು ಸುಡುತ್ತಾರೆ? ಓದಿದ ತಕ್ಷಣ ಗೋಡೆಯ ಕ್ಯಾಲೆಂಡರಿನಲ್ಲಿ ಹೋಳಿಹುಣ್ಣಿಮೆ ಯಾವತ್ತು ಎಂದು ನೋಡಿದೆ. ಎಂಟರಿಂದ ಇಪ್ಪತ್ತೊಂದು, ಹದಿಮೂರು. ಲೆಕ್ಕ ಮಾಡುವುದೇ ನನ್ನ ಹೊಟ್ಟೆಪಾಡು, ಅದನ್ನು ಮರೆತಿರಾ?

ಆ ರಾತ್ರಿ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹದಿಮೂರು ದಿನಗಳಲ್ಲಿ ನನ್ನದೂ ಪಾಲಿದೆ. ಎಲ್ಲ ಚೆನ್ನಾಗಿದೆ ಎಂದು ಡಿಸೆಂಬರಿನಿಂದ ನಾನು ಮುಚ್ಚಿಟ್ಟ ದಿನಗಳನ್ನು ಎಣಿಸಿದರೆ ಅವು ನಿಮ್ಮವುಗಳಿಗಿಂತ ಬಹಳ ಹೆಚ್ಚು. ಮತ್ತೆ ಉತ್ತರ ಬಂತಲ್ಲ. ಬಾರದೆ ಇರಬಹುದಿತ್ತು. ನೀವಾಗಿಯೇ ಹೇಳುತ್ತೀರೋ ಇಲ್ಲವೋ ಎಂಬುದೊಂದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ನಿನ್ನೆ ಪತ್ರ ಓದಿ ಅದೂ ಹಗುರಾಯಿತು. ಹರಿದು ಹಾಕುವುದಿಲ್ಲ.

ಶೇಖವ್ವನನ್ನು ಕಾಲೇಜಿಗೆ ಕಳಿಸಲಿ. ಅರ್ಜಿ ಯಾವಾಗ, ಯಾರ ಬಳಿ, ಧಾರವಾಡದಲ್ಲಿ ಎಲ್ಲಿ ಇರಬೇಕು, ಎಲ್ಲ ಬೇರೆ ಕಾಗದದಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ನೀವು ಬಾಯಿಪಾಠ ಮಾಡಿ ಹೇಳುವುದು ಬೇಡ, ಹಾಗೆಯೇ ಮುದಿಯಪ್ಪನ ಕೈಗೆ ಕೊಡಿ. ಮತ್ತೆ ಅವನು ಬಿಚ್ಚದೆ ಹೊತ್ತೊಯ್ದ ಗಂಟಿನಲ್ಲಿ ನನಗೊಂದು ಕೆಂಪು ದಡಿಯ ಸೀರೆ ಇದ್ದೀತು, ಈ ಸಲ ಬಿಚ್ಚಿಸಿ.

ಮೇ ಎರಡರಿಂದ ರಜೆ ಸಿಕ್ಕಿದೆ. ಹೊಟಗಿಯಲ್ಲಿ ಗಾಡಿ ಬದಲಿಸಿ ಮೂರರ ಮುಂಜಾನೆ ಹೊಳೆಆಲೂರಿನಲ್ಲಿ ಇಳಿಯುತ್ತೇನೆ. ಇಮಾಮಸಾಬನ ಬಂಡಿ ಕಳಿಸಿ. ಬಸ್ಸು ಬೇಡ, ದಾರಿಯಲ್ಲಿ ಅಸೂಟಿಗೆ ಹೋಗಿ ಗ್ಯಾನಪ್ಪನನ್ನು ಮಾತಾಡಿಸಬೇಕು. ಎಮ್ಮೆಗೂ ತಿಳಿಸಿ.

ಒಟ್ಟು ಹನ್ನೊಂದು ದಿನ. ಮೊದಲನೆಯದು ದಾರಿಯಲ್ಲೇ ಹೋಗುತ್ತದೆ, ಅದು ರಾಶಿಗೆ. ಮನೆಯಲ್ಲಿ ಇರುವುದು ಹತ್ತು. ಆದರೆ ನೀವು ಪೇಟೆಯಲ್ಲಿ ಹನ್ನೊಂದು ಎಂದೇ ಕೂಗಿ.

ಬಸವ್ವ